ಸೇತುವೆಯ ಹೆಸರಿನಲ್ಲಿರುವ ವ್ಯಾಕರಣ

ಬೊಲೊನ್ಯಾ

ಪ್ರೀತಿಯ ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ಸೆಪ್ಟೆಂಬರಿನಲ್ಲಿ ನೀನು ಓದಲು ಮಿಲಾನಿಗೆ ಬರುವುದು ಖಚಿತವಾಯಿತೆಂದು ಅಣ್ಣ ಫೋನಿನಲ್ಲಿ ಹೇಳಿದಂದಿನಿಂದ ಮನೆಯಲ್ಲಿ ಹಬ್ಬ ಬಂದಂತಾಗಿದೆ. ಆದರೆ ನಿನ್ನ ಪತ್ರದ ಒಂದು ಮಾತು ನನ್ನನ್ನು ಕೊರೆಯುತ್ತಿದೆ. ‘ಕೆಂಪು ಅನ್ನುವ ಒಂದೇ ಪದಕ್ಕೆ ನಾಲ್ಕು ರೂಪವಂತೆ. ಇದು ನನ್ನಿಂದಾಗದು ಅತ್ತೆ, ಇಂಗ್ಲಿಷಿನಲ್ಲೇ ದಿನ ದೂಡುತ್ತೇನೆ’ ಎಂದು ಬರೆದಿದ್ದೀಯೆ. ತರಗತಿಯಲ್ಲಿ ಇಂಗ್ಲಿಷ್ ನಡೆದೀತು. ಬಾಡಿಗೆ ಮನೆಯ ಯಜಮಾನಿಯ ಹತ್ತಿರ, ಸಂತೆಯಲ್ಲಿ, ಜ್ವರ ಬಂದ ದಿನ ವೈದ್ಯರ ಮುಂದೆ ನಿನಗೆ ಇಟಾಲಿಯನ್ ಬೇಕೇಬೇಕು. ಆದ್ದರಿಂದ ಇದನ್ನು ಸಮಾಧಾನದಿಂದ ಓದು.

ನಾಲ್ಕು ರೂಪ ಇರುವುದು ನಿಜ. ಕೆಂಪು ಪುಸ್ತಕ ‘ಲೀಬ್ರೊ ರೊಸ್ಸೊ’, ಕೆಂಪು ಪುಸ್ತಕಗಳು ‘ಲೀಬ್ರಿ ರೊಸ್ಸಿ’. ಕೆಂಪು ಮನೆ ‘ಕಾಸಾ ರೊಸ್ಸಾ’, ಮನೆಗಳಾದರೆ ‘ಕಾಸೆ ರೊಸ್ಸೆ’. ಇಲ್ಲಿ ನಪುಂಸಕಲಿಂಗವಿಲ್ಲ, ಪುಸ್ತಕ ಗಂಡು, ಮನೆ ಹೆಣ್ಣು. ಕನ್ನಡದ ‘ಕೆಂಪು’ ಯಾವುದರ ಮುಂದೆ ನಿಂತರೂ ಕೆಂಪೇ ಆಗಿರುವುದರಿಂದ ನಿನಗೆ ಗಾಬರಿಯಾಗಿದೆ. ಆದರೆ ಪ್ರೌಢಶಾಲೆಯಲ್ಲಿ ನಿನ್ನ ಪ್ರಥಮ ಭಾಷೆ ಸಂಸ್ಕೃತವಾಗಿತ್ತಲ್ಲವೇ? ‘ಯಲ್ಲಿಂಗಂ ಯದ್ವಚನಂ ಯಾ ಚ ವಿಭಕ್ತಿರ್ವಿಶೇಷ್ಯಸ್ಯ, ತಲ್ಲಿಂಗಂ ತದ್ವಚನಂ ಸೈವ ವಿಭಕ್ತಿರ್ವಿಶೇಷಣಸ್ಯಾಪಿ’ ಎಂದು ಜಗಲಿಯ ಮೇಲೆ ಕುಳಿತು ಬಾಯಿಪಾಠ ಮಾಡುತ್ತಿದ್ದೆ. ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳೇ ವಿಶೇಷಣಕ್ಕೂ. ಇಟಾಲಿಯನ್ನಿನ ತಾಯಿ ಲ್ಯಾಟಿನ್ನಿಗೂ ಈ ಮೂರೂ ಇದ್ದವು. ಮಗಳು ವಿಭಕ್ತಿಯನ್ನು ಬಿಟ್ಟುಬಿಟ್ಟಳು, ಉಳಿದವು ಎರಡೇ. ನೀನು ಆಗಲೇ ಕಲಿತದ್ದಕ್ಕಿಂತ ಇದು ಹಗುರ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ನಮ್ಮಲ್ಲಿ ಲಿಂಗವನ್ನು ಹೊರುವುದು ಕ್ರಿಯಾಪದ: ಬರುತ್ತಾನೆ, ಬರುತ್ತಾಳೆ. ಇಟಾಲಿಯನ್ನಿನಲ್ಲಿ ಎರಡಕ್ಕೂ ‘ವಿಯೇನೆ’ ಒಂದೇ. ಆ ಹೊರೆ ಇಲ್ಲಿ ಗುಣವಾಚಕದ ತಲೆಯ ಮೇಲಿದೆ. ಅದರಲ್ಲೂ ‘ನಾನು’ ಎನ್ನುವಾಗ ಎಚ್ಚರ ಬೇಕು. ‘ನನಗೆ ದಣಿವಾಗಿದೆ’ ಎಂದು ಕನ್ನಡದಲ್ಲಿ ಹೇಳಿದರೆ ಹೇಳಿದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬಂದ ಮೊದಲ ಚಳಿಗಾಲದಲ್ಲಿ ನಾನು ಪುಸ್ತಕದಲ್ಲಿದ್ದಂತೆಯೇ ‘ಸೋನೊ ಸ್ತಾಂಕೊ’ ಎಂದೆ. ಪಕ್ಕದ ಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡು ‘ಸ್ತಾಂಕಾ’ ಎಂದು ಮೆಲ್ಲಗೆ ತಿದ್ದಿದರು. ಪುಸ್ತಕಗಳು ಮೊದಲು ಪುಲ್ಲಿಂಗ ರೂಪವನ್ನೇ ಕೊಡುತ್ತವೆ. ನೀನು ನಿನ್ನ ಬಗ್ಗೆ ಹೇಳಿಕೊಳ್ಳುವ ಪದಗಳನ್ನು ಮೊದಲ ದಿನದಿಂದಲೇ ಸ್ತ್ರೀಲಿಂಗದಲ್ಲಿ ಕಲಿತುಕೋ.

ಎಲ್ಲರೂ ಎಡವುವ ಜಾಗ ಮಾತ್ರ ಬೇರೆ. ‘ಕಾಸಾ ರೊಸ್ಸಾ’ ಕೇಳಿದವರು ಕೊನೆಯ ಸ್ವರಕ್ಕೆ ಪ್ರಾಸ ಹೊಂದಿಸಿದರೆ ಸಾಕೆಂದುಕೊಳ್ಳುತ್ತಾರೆ. ಸಾಲದು. ಫ್ಲಾರೆನ್ಸಿನಲ್ಲಿ ಆರ್ನೊ ನದಿಯ ಮೇಲಿನ ಹಳೆಯ ಸೇತುವೆ, 1944ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯ ಆ ಊರಿನಲ್ಲಿ ಉರುಳಿಸದೆ ಬಿಟ್ಟ ಒಂದೇ ಸೇತುವೆ, ‘ಪೊಂತೆ ವೆಕ್ಕಿಯೊ’. ಆಂಬುಲೆನ್ಸಿನ ಮೇಲೆ ನೀನು ಕಾಣುವ ರೆಡ್‌ಕ್ರಾಸ್ ‘ಕ್ರೋಚೆ ರೊಸ್ಸಾ’. ಪೊಂತೆ, ಕ್ರೋಚೆ ಎರಡೂ ‘ಎ’ಕಾರದಲ್ಲಿ ಮುಗಿಯುತ್ತವೆ; ನಾಮಪದವನ್ನಷ್ಟೇ ನೋಡಿದರೆ ಲಿಂಗ ತಿಳಿಯುವುದಿಲ್ಲ. ಸೇತುವೆ ಗಂಡು, ಶಿಲುಬೆ ಹೆಣ್ಣು ಎಂಬ ಗುಟ್ಟನ್ನು ಬಿಟ್ಟುಕೊಡುವುದು ಪಕ್ಕದ ಗುಣವಾಚಕ. ಮಿಲಾನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದೂರದ ಬೆರ್ಗಮೊದಲ್ಲಿ ಗುಡ್ಡದ ಮೇಲಿನ ಹಳೆಯ ಊರು ‘ಚಿತ್ತಾ ಆಲ್ತಾ’, ಎಂದರೆ ಮೇಲಣ ಪಟ್ಟಣ. ಅಲ್ಲಿಗೆ ನಾನೇ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ. ‘ಚಿತ್ತಾ’ ಬಹುವಚನದಲ್ಲೂ ಬದಲಾಗುವುದಿಲ್ಲ; ಒಂದೋ ಹಲವೋ ಎಂಬುದನ್ನು ಆಲ್ತಾ, ಆಲ್ತೆಗಳೇ ಹೇಳಬೇಕು. 1992ರಲ್ಲಿ ಮಿಲಾನಿನಲ್ಲೇ ಆರಂಭವಾಗಿ ಇಟಲಿಯ ರಾಜಕಾರಣವನ್ನು ಬುಡಮೇಲು ಮಾಡಿದ ಭ್ರಷ್ಟಾಚಾರದ ತನಿಖೆಯ ಹೆಸರು ‘ಮಾನಿ ಪುಲೀತೆ’, ಶುದ್ಧ ಹಸ್ತಗಳು. ‘ಮಾನೊ’ ಅಂದರೆ ಕೈ. ನೋಟಕ್ಕೆ ಗಂಡು, ನಿಜದಲ್ಲಿ ಹೆಣ್ಣು. ಪ್ರಾಸಕ್ಕೆ ಜೋತುಬಿದ್ದವರು ‘ಪುಲೀತಿ’ ಎನ್ನುತ್ತಾರೆ. ಇದಕ್ಕೆ ಎದುರು ‘ಪ್ರೊಬ್ಲೇಮಾ’: ಗ್ರೀಕಿನಿಂದ ಬಂದದ್ದು, ‘ಆ’ಕಾರವಿದ್ದರೂ ಗಂಡು.

ಮೊಟ್ಟೆಯಂತೂ ನನಗೆ ಬಲು ಪ್ರಿಯವಾದ ಪದ. ಒಂದು ತಾಜಾ ಮೊಟ್ಟೆ ‘ಉವೋವೊ ಫ್ರೆಸ್ಕೊ’, ಪುಲ್ಲಿಂಗ. ಹನ್ನೆರಡು ಕೊಂಡರೆ ‘ಉವೋವಾ ಫ್ರೆಸ್ಕೆ’, ಸ್ತ್ರೀಲಿಂಗ! ಲ್ಯಾಟಿನ್ನಿನಲ್ಲಿ ಅದು ನಪುಂಸಕವಾಗಿತ್ತು. ಆ ಲಿಂಗ ಅಳಿದಾಗ ಅದರ ‘ಆ’ಕಾರದ ಬಹುವಚನ ಹೀಗೆ ಹೆಣ್ಣಾಗಿ ಉಳಿದುಕೊಂಡಿತು. ತೋಳು, ತುಟಿಗಳದೂ ಇದೇ ಕಥೆ. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರಾಃ’ ಪುಲ್ಲಿಂಗ, ಅದೂ ಬಹುವಚನ ಎಂದು ಓದಿದವಳು ನೀನು, ಇದಕ್ಕೆ ಅಂಜುವುದೇಕೆ?

ಉಳಿದವು ಸಣ್ಣವು. ‘ವೆರ್ದೆ’ ಎಂಬ ಹಸಿರಿಗೆ ಎರಡೇ ರೂಪ, ಬಹುವಚನದಲ್ಲಿ ‘ವೆರ್ದಿ’. ‘ಬ್ಲೂ’, ಗುಲಾಬಿ ಬಣ್ಣದ ‘ರೋಜಾ’ ಕನ್ನಡದ ಬಣ್ಣಗಳ ಹಾಗೆ ಅಲುಗುವುದೇ ಇಲ್ಲ. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ಅದಕ್ಕೆ ಮೊದಲೇ ಬಂದರೆ ಕೆಲವೊಮ್ಮೆ ಅರ್ಥವೇ ಬೇರೆ: ‘ವೆಕ್ಕಿಯೊ ಅಮೀಕೊ’ ಹಳೆಯ ಗೆಳೆಯ, ‘ಅಮೀಕೊ ವೆಕ್ಕಿಯೊ’ ವಯಸ್ಸಾದ ಗೆಳೆಯ.

ನನ್ನ ಮಾತು ಕೇಳುವುದಾದರೆ, ಆ ನಾಲ್ಕು ರೂಪದ ಕೋಷ್ಟಕವನ್ನು ಗೋಡೆಯಿಂದ ತೆಗೆದುಬಿಡು. ಯಾವ ನಾಮಪದವನ್ನೂ ಒಂಟಿಯಾಗಿ ಕಲಿಯಬೇಡ. ಸೇತುವೆಯನ್ನು ಅದರ ‘ವೆಕ್ಕಿಯೊ’ದೊಂದಿಗೆ, ಕೈಯನ್ನು ಅದರ ‘ಪುಲೀತಾ’ದೊಂದಿಗೆ ಒಂದೇ ಉಸಿರಿನಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳು. ಕಿವಿಗೆ ಒಮ್ಮೆ ರೂಢಿಯಾದರೆ ತಪ್ಪು ರೂಪ ಅನ್ನದೊಳಗಿನ ಕಲ್ಲಿನಂತೆ ತಾನೇ ಸಿಗುತ್ತದೆ. ನಿನ್ನ ಕೋಣೆಯಲ್ಲಿರುವ ಹತ್ತು ವಸ್ತುಗಳನ್ನು ಅವುಗಳ ಬಣ್ಣದ ಸಮೇತ ಬರೆದು ಕಳುಹಿಸು, ತಿದ್ದಿಕೊಡುತ್ತೇನೆ.

ಕೊನೆಗೆ ಒಂದು ಕೇಳಿಕೆ. ‘ಬಂದು ತಲುಪಿದೆ’ ಎನ್ನುವಲ್ಲಿಯೂ ಈ ಭಾಷೆ ಗುಣವಾಚಕದ ಹಾಗೆಯೇ ಲಿಂಗ, ವಚನ ನೋಡುತ್ತದೆ. ಮಿಲಾನಿನಲ್ಲಿ ವಿಮಾನ ಇಳಿದ ಕೂಡಲೇ ನನಗೊಂದು ಸಂದೇಶ ಕಳುಹಿಸು. ನೀನೊಬ್ಬಳೇ ಆದರೆ ‘ಸೋನೊ ಅರ್ರಿವಾತಾ’. ಅತ್ತಿಗೆ ಜೊತೆಗಿದ್ದರೆ ‘ಸಿಯಾಮೊ ಅರ್ರಿವಾತೆ’. ಅಣ್ಣನೂ ಹೊರಟುಬಂದಿದ್ದರೆ ‘ಅರ್ರಿವಾತಿ’; ಹೆಂಗಸರು ಎಷ್ಟೇ ಮಂದಿ ಇರಲಿ, ಗುಂಪಿನಲ್ಲಿ ಒಬ್ಬ ಗಂಡಸಿದ್ದರೂ ಪುಲ್ಲಿಂಗವೇ. ಈ ನಿಯಮ ನನ್ನ ಮನಸ್ಸಿಗೆ ಇಂದಿಗೂ ಒಪ್ಪಿಗೆಯಿಲ್ಲ, ಆದರೂ ಆ ಪದ ನೋಡಲು ನನಗೆ ಆಸೆ. ಅಣ್ಣ ಒಮ್ಮೆಯೂ ಇಲ್ಲಿಗೆ ಬಂದಿಲ್ಲ. ‘ಅರ್ರಿವಾತಿ’ ಎಂದು ಬಂದರೆ ಅವನಿಗೂ ಸೇರಿಸಿ ಅಡುಗೆಗೆ ಇಡುತ್ತೇನೆ.

ಇಂತಿ,
ನಿನ್ನ ಅತ್ತೆ