ಕರಾವಳಿಯ ಮಳೆಗೆ ತಕ್ಕ ಸೈಕಲ್ ಕೊಡಿಸಿ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗುವ ಹೊತ್ತಿಗೆ ಮಂಗಳೂರು, ಉಡುಪಿಯ ಅಂಗಡಿಗಳ ಮುಂದೆ ಸಾಲಾಗಿ ನಿಲ್ಲುವುದು ದಪ್ಪ ಟಯರಿನ, ಹಿಂದೆ ಮುಂದೆ ಸ್ಪ್ರಿಂಗ್ ಇರುವ, ಮಡ್‌ಗಾರ್ಡ್ ಇಲ್ಲದ ಸೈಕಲ್‌ಗಳು. ಮಕ್ಕಳ ಕಣ್ಣೂ ಅವುಗಳ ಮೇಲೆಯೇ. ಜೂನ್‌ನಿಂದ ಎಡೆಬಿಡದ ಮಳೆ, ವರ್ಷವಿಡೀ ಉಪ್ಪು ಗಾಳಿ ಇರುವ ನಮ್ಮ ಕಡೆ ಬಹಳ ಬೇಗ ಹಾಳಾಗುವುದೂ ಇವೇ. ಬಣ್ಣ, ಗೇರು ನೋಡುವ ಮೊದಲು ಪೋಷಕರು ಫ್ರೇಮ್ ನೋಡಬೇಕು.

1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೇಫ್ಟಿ ಸೈಕಲ್ ತಂದ ಮೇಲೆ ದೊಡ್ಡ ಮುಂಗಾಲಿಯ ಸೈಕಲ್‌ಗಳು ಮೂಲೆ ಸೇರಿದವು. ಅನಂತರ ಕೆಲವೇ ವರ್ಷಗಳಲ್ಲಿ ನೇರ ಕೊಳವೆಗಳನ್ನು ಎರಡು ತ್ರಿಕೋನಗಳಾಗಿ ಜೋಡಿಸಿದ ಡೈಮಂಡ್ ಫ್ರೇಮ್ ನೆಲೆ ನಿಂತಿತು. ತ್ರಿಕೋನದಲ್ಲಿ ಭಾರವು ಕೊಳವೆಯನ್ನು ಬಗ್ಗಿಸುವುದು ಕಡಿಮೆ, ಉದ್ದಕ್ಕೆ ಎಳೆಯುವುದು ಅಥವಾ ಒತ್ತುವುದು ಹೆಚ್ಚು; ಆದ್ದರಿಂದ ತೆಳು ಕೊಳವೆಯೂ ತಾಳುತ್ತದೆ. ಲೇಡೀಸ್ ಸೈಕಲ್‌ನಲ್ಲಿ ಮೇಲಿನ ಬಾರ್ ಕೆಳಗಿಳಿದಿರುವುದರಿಂದ ಸೀಟಿನ ಕೊಳವೆಗೆ ಬಗ್ಗುವ ಬಲ ಬೀಳುತ್ತದೆ, ಫ್ರೇಮ್ ತುಸು ಭಾರವಾಗಿ ಮಾಡಬೇಕಾಗುತ್ತದೆ. ಆದರೂ ಮಳೆಕೋಟು ತೊಟ್ಟು, ಚೀಲ ಹೊತ್ತು, ಜಾರುವ ಕೆಂಪು ಮಣ್ಣಿನಲ್ಲಿ ಥಟ್ಟನೆ ಕಾಲೂರಬೇಕಾದ ಮಕ್ಕಳಿಗೆ ಅದೇ ವಾಸಿ. ಹುಡುಗರಿಗೂ ಅಷ್ಟೇ.

ಇನ್ನು ಹಿಂದಿನ ಸ್ಪ್ರಿಂಗ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡ ಇಳಿಯಲು ಹುಟ್ಟಿದ ಮೌಂಟನ್ ಬೈಕ್‌ಗಳಲ್ಲೇ ಅದು ಇರಲಿಲ್ಲ. ಕಡಿಮೆ ಬೆಲೆಯ ಸೈಕಲ್‌ನಲ್ಲಿ ಬರುವುದು ಬರೀ ಸ್ಪ್ರಿಂಗ್, ಕುಣಿತ ತಡೆಯುವ ಡ್ಯಾಂಪರ್ ಇರುವುದಿಲ್ಲ. ಮಣಿಪಾಲದ ಏರು ಹತ್ತುವಾಗ ತುಳಿದ ಬಲದ ಒಂದು ಪಾಲು ಅದನ್ನು ಕುಣಿಸುವುದಕ್ಕೇ ಖರ್ಚು. ಫ್ರೇಮಿನ ಹಿಂಭಾಗ ಆಡುವ ಕೀಲಿನ ಬುಷ್‌ಗೆ ಮರಳು ಹೊಕ್ಕು ಸವೆದರೆ ಹಿಂಗಾಲಿ ಅತ್ತಿತ್ತ ವಾಲುತ್ತದೆ.

ನಮ್ಮಲ್ಲಿ ಸ್ಟೀಲ್ ಫ್ರೇಮ್ ತುಕ್ಕು ಹಿಡಿಯುವುದು ಹೆಚ್ಚಾಗಿ ಒಳಗಿನಿಂದ. ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂಗಾಲಿ ಎರಚುವ ನೀರು ಸೀಟಿನ ಕೊಳವೆಯ ಹಿಂದಿನ ಸೀಳಿನಿಂದ ಒಳಗಿಳಿದು, ಪೆಡಲ್ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್‌ನಲ್ಲಿ ನಿಲ್ಲುತ್ತದೆ. ಹೊರಗೆ ಬಣ್ಣ ಗುಳ್ಳೆ ಏಳುವಷ್ಟರಲ್ಲಿ ಒಳಗಿನ ಗೋಡೆ ತೆಳ್ಳಗಾಗಿರುತ್ತದೆ. ಶೆಲ್‌ನ ತಳದಲ್ಲಿ ನೀರಿಳಿಯುವ ತೂತು ಇದೆಯೇ, ಇದ್ದರೆ ಮಣ್ಣು ಕಟ್ಟಿದೆಯೇ ನೋಡಿ. ತೂತು ಇಲ್ಲದಿದ್ದರೆ ಆಕ್ಸಲ್, ಬೇರಿಂಗ್ ಕಪ್ ಬಿಚ್ಚಿಸಿದ ಮೇಲೆಯೇ 4 ಮಿ.ಮೀ. ತೂತು ಕೊರೆಸಿ. ಮಳೆಗೆ ಮುಂಚೆ ಸೀಟ್ ಪಿಲ್ಲರ್ (ಸೀಟನ್ನು ಹೊರುವ ಕೋಲು) ತೆಗೆದು, ಸುಮಾರು 50 ಮಿ.ಲೀ. ಎಂಜಿನ್ ಆಯಿಲ್ ಹುಯ್ದು, ಫ್ರೇಮನ್ನು ಎಲ್ಲ ಕಡೆ ಹೊರಳಿಸಿ, ಉಳಿದದ್ದನ್ನು ಸೋರಲು ಬಿಡಿ. ಎಣ್ಣೆ ರಿಮ್, ಬ್ರೇಕ್‌ಗೆ ತಾಗಕೂಡದು. ಪಿಲ್ಲರ್‌ಗೆ ಗ್ರೀಸ್ ಹಚ್ಚಿಯೇ ಹಾಕಿ, ಸೀಳಿನ ಮೇಲೆ ಹಳೆ ಟ್ಯೂಬಿನ ತುಂಡು ತೊಡಿಸಿ. ಪಿಲ್ಲರ್ ಅಲ್ಯೂಮಿನಿಯಂ, ಫ್ರೇಮ್ ಸ್ಟೀಲ್ ಆಗಿದ್ದರೆ ಉಪ್ಪು ನೀರಿಗೆ ಬಿಳಿ ಪುಡಿ ಕಟ್ಟಿ ಪಿಲ್ಲರ್ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಳೆದು ತೆಗೆದು ಗ್ರೀಸ್ ಮಾಡಿದರೆ ಆ ತೊಂದರೆಯಿಲ್ಲ.

ಅಲ್ಯೂಮಿನಿಯಂ ಫ್ರೇಮ್‌ಗೆ ಕೆಂಪು ತುಕ್ಕು ಇಲ್ಲ, ಆದರೆ ವೆಲ್ಡಿಂಗ್ ಬಳಿ ಬಿರುಕು ಬಿಟ್ಟರೆ ಊರಿನ ವರ್ಕ್‌ಶಾಪ್‌ನಲ್ಲಿ ಬೆಸೆದು ಓಡಿಸುವುದು ಅಪಾಯ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಬಲ ಕಳೆದುಕೊಳ್ಳುತ್ತದೆ, ಕಾರ್ಖಾನೆಯಂತೆ ಮತ್ತೆ ಕಾಯಿಸಿ ಹದಮಾಡುವ ಸೌಕರ್ಯ ಅಲ್ಲಿರುವುದಿಲ್ಲ. ಸಾಮಾನ್ಯ ಸ್ಟೀಲ್ ಫ್ರೇಮ್‌ನ ಬಿರುಕನ್ನು ಅನುಭವಿ ಕೈ ಹಿತ್ತಾಳೆ ಬೆಸುಗೆ ಹಾಕಿ ಸರಿಮಾಡಬಲ್ಲದು. ಯಾವ ಲೋಹವೆಂದು ತಿಳಿಯಲು ಒಂದು ಅಯಸ್ಕಾಂತ ಸಾಕು: ಸ್ಟೀಲ್‌ಗೆ ಅಂಟುತ್ತದೆ, ಅಲ್ಯೂಮಿನಿಯಂಗೆ ಇಲ್ಲ.

ಬೆಳೆಯುವ ಮಗು ಎಂದು ದೊಡ್ಡ ಫ್ರೇಮ್ ಕೊಡಿಸಬೇಡಿ. ಎರಡೂ ಪಾದ ನೆಲಕ್ಕೂರಿ ನಿಂತಾಗ ಬಾರ್‌ಗೂ ದೇಹಕ್ಕೂ ನಡುವೆ ಒಂದೆರಡು ಇಂಚು ಜಾಗ ಇರಲೇಬೇಕು. ಟಯರಿನ ಮಗ್ಗುಲಿನ ಸಂಖ್ಯೆಯನ್ನೂ ಓದಿ. 26 ಇಂಚು ಎಂದರೆ ಎಲ್ಲ ಒಂದೇ ಅಲ್ಲ: 26 x 1⅜ ಟಯರಿನ ರಿಮ್ 590 ಮಿ.ಮೀ., ಮೌಂಟನ್ ಬೈಕಿನದು 559. ಒಂದರ ಟಯರ್ ಇನ್ನೊಂದಕ್ಕೆ ಕೂರದು.

ಅಂಗಡಿಯವರು ಬಿಲ್ಲಿನಲ್ಲಿ ಫ್ರೇಮಿನ ಲೋಹ, ಅಳತೆ ಮತ್ತು ಟಯರ್ ಸಂಖ್ಯೆ ಬರೆದು ಕೊಡಬೇಕು. ಬಡ ಮಕ್ಕಳಿಗೆ ಸೈಕಲ್ ದಾನ ಮಾಡುವ ಸಂಘ ಸಂಸ್ಥೆಗಳು ಸ್ಪ್ರಿಂಗ್ ಇಲ್ಲದ ಸ್ಟೀಲ್ ಫ್ರೇಮ್, ಪೂರ್ತಿ ಮಡ್‌ಗಾರ್ಡ್, ಚೈನ್ ಕವರ್ ಇರುವ ಸೈಕಲ್‌ಗಳನ್ನೇ ಕೇಳಿ ಪಡೆಯಲಿ; ತೂತು ಕೊರೆದು ಎಣ್ಣೆ ಹಾಕುವ ಕೆಲಸ ಹಂಚುವ ಮೊದಲೇ ಆಗಲಿ.

- ಓರ್ವ ಓದುಗ, ಮಲ್ಪೆ, ಉಡುಪಿ