ನಡುಗಡ್ಡೆಯ ಕಾಡು ಅಳೆಯುವ ಮುನ್ನ ನೀರಿನ ಮಟ್ಟ ನೋಡಿ

ಮಾನ್ಯರೇ,

ಭದ್ರಾ ಹಿನ್ನೀರಿನ ನಡುಗಡ್ಡೆಗಳ ಎರಡು ಉಪಗ್ರಹ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ‘ಆಗ ಹಸಿರು, ಈಗ ಬೋಳು’ ಎಂದುಬಿಡುವುದು ಸುಲಭ. ಒಂದು ಡಿಸೆಂಬರಿನದು, ಇನ್ನೊಂದು ಮೇ ತಿಂಗಳಿನದಾಗಿದ್ದರೆ ಅಲ್ಲಿ ಅಳೆದದ್ದು ಕಾಡನ್ನಲ್ಲ, ನೀರನ್ನು.

ಲೆಕ್ಕ ಹಾಕಿ ನೋಡಿ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯಲ್ಲಿ ನೀರು ತುಂಬಿದ ಮಟ್ಟವಾದ 186 ಅಡಿ ಮುಟ್ಟಿದಾಗ ದುಂಡನೆಯ ಒಂದು ನಡುಗಡ್ಡೆ ನಡುವಿನಿಂದ ದಡಕ್ಕೆ 50 ಮೀಟರ್ ಇದೆ, ತುಂಬ ಮರಗಳಿವೆ ಎಂದುಕೊಳ್ಳಿ. ನೀರು 3 ಮೀಟರ್ ಇಳಿದರೆ, ಹತ್ತು ಮೀಟರಿಗೆ ಒಂದು ಮೀಟರ್ ತಗ್ಗುವ ಇಳಿಜಾರಿನಲ್ಲಿ ಸುತ್ತಲೂ 30 ಮೀಟರ್ ಅಗಲದ ಕೆಸರು ಮೇಲೇಳುತ್ತದೆ. ಮುಕ್ಕಾಲು ಹೆಕ್ಟೇರಿನ ಗಡ್ಡೆ ಎರಡು ಹೆಕ್ಟೇರಾಯಿತು. ಒಂದು ಮರವೂ ಉರುಳದೆ ಕಾಡಿನ ಪಾಲು ಶೇ 100ರಿಂದ ಶೇ 39ಕ್ಕೆ ಇಳಿಯಿತು! ಅದಕ್ಕೇ ತುಂಬಿದ ಮಟ್ಟದ ದಡವನ್ನು ಒಮ್ಮೆ ಗುರುತಿಸಿಕೊಂಡು, ಎಲ್ಲ ವರ್ಷಗಳಿಗೂ ಆ ಗೆರೆಯ ಒಳಗಷ್ಟೇ ಅಳೆಯಬೇಕು. (ಬೇಸಿಗೆಯಲ್ಲಿ ಮೇಲೇಳುವ ಬೋಳು ದಿಬ್ಬಗಳ ಮೇಲೆಯೇ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವುದು. ಅವು ‘ನಾಶವಾದ ಕಾಡು’ ಅಲ್ಲ.)

ತಿಂಗಳೂ ಮುಖ್ಯ. ಇಲ್ಲಿ ತೇಗ, ಮತ್ತಿ ಬೇಸಿಗೆಗೆ ಎಲೆ ಉದುರಿಸುತ್ತವೆ, ಮಳೆಗಾಲದಲ್ಲಿ ಮೋಡ ಬಿಡುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಚಿತ್ರಗಳೇ ಲೇಸು.

ಇನ್ನು ಪಿಕ್ಸೆಲ್, ಅಂದರೆ ಚಿತ್ರದ ಅತಿ ಚಿಕ್ಕ ಚೌಕದ ತೊಡಕು. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್. 100 ಮೀಟರ್ ಉದ್ದ, ಅಷ್ಟೇ ಅಗಲದ ಗಡ್ಡೆಯೊಳಗೆ ಪೂರ್ತಿ ಕೂರುವವು ಹೆಚ್ಚೆಂದರೆ ಒಂಬತ್ತು, ಕೆಲವೊಮ್ಮೆ ನಾಲ್ಕೇ. ಉಳಿದವುಗಳಲ್ಲಿ ಅರ್ಧ ಮರ, ಅರ್ಧ ನೀರು. ಎರಡು ವರ್ಷದ ಚಿತ್ರಗಳು ಒಂದೇ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದು ಕೂತರೂ ಗಡ್ಡೆಯ ಸುಮಾರು ಮೂರನೇ ಒಂದು ಪಾಲು ‘ಮುಳುಗಿ’ಹೋಗುತ್ತದೆ. ಆದ್ದರಿಂದ ಅಣೆಕಟ್ಟೆಯ ಮೂಲೆ, ರಸ್ತೆ ಕೂಡುವ ಜಾಗದಂಥ ಕದಲದ ಗುರುತುಗಳನ್ನು ಎರಡರಲ್ಲೂ ಹೊಂದಿಸಿದ ಮೇಲೆಯೇ ಮುಂದಿನ ಕೆಲಸ. 2015ರ ನಂತರವಾದರೆ 10 ಮೀಟರ್ ಪಿಕ್ಸೆಲ್ಲಿನ ಯುರೋಪಿನ ಉಪಗ್ರಹ ಸೆಂಟಿನೆಲ್-2 ಇದೆ. ಆದರೆ ಹಳೆಯ 30 ಮೀಟರಿನದಕ್ಕೆ ಅದನ್ನು ನೇರ ಹೋಲಿಸಬೇಡಿ, ಮೊದಲು ಅದನ್ನೂ 30 ಮೀಟರಿನ ಪಿಕ್ಸೆಲ್ಲಿಗೆ ಇಳಿಸಿ. ಲ್ಯಾಂಡ್‌ಸ್ಯಾಟ್-7ರ ಉಪಕರಣ 2003ರ ಮೇ 31ರಂದು ಕೆಟ್ಟಿತು. ಆಮೇಲಿನ ಅದರ ಚಿತ್ರಗಳಲ್ಲಿ ಖಾಲಿ ಪಟ್ಟೆಗಳಿದ್ದು, ಸಣ್ಣ ಗಡ್ಡೆ ಇಡಿಯಾಗಿ ಪಟ್ಟೆಯೊಳಗೆ ಕಾಣೆಯಾಗಬಹುದು. 2011ರವರೆಗೆ ಲ್ಯಾಂಡ್‌ಸ್ಯಾಟ್-5ನ್ನೇ ನಂಬಿ.

ಭಾರತೀಯ ಅರಣ್ಯ ಸರ್ವೇಕ್ಷಣೆಯ ಜಿಲ್ಲಾವಾರು ಅಂಕಿ ಇಲ್ಲಿ ಉಪಯೋಗಕ್ಕೆ ಬಾರದು. ಒಂದು ಹೆಕ್ಟೇರಿಗಿಂತ ಚಿಕ್ಕ ತುಂಡು ಅದರ ಲೆಕ್ಕದಲ್ಲೇ ಇಲ್ಲ. ಶೇ 10ರಷ್ಟು ಮರದ ನೆರಳಿದ್ದರೆ ನಮ್ಮ ಕಾಫಿ ತೋಟವೂ ಅದಕ್ಕೆ ಕಾಡೇ!

ಕೊನೆಗೂ ಉಪಗ್ರಹಕ್ಕೆ ಹಸಿರೆಂದರೆ ಹಸಿರು. ಮರ ಸತ್ತು ಲಾಂಟಾನ ಕಳೆಪೊದೆ ಹಬ್ಬಿದ ಜಾಗವೂ ಮೇಲಿನಿಂದ ಸೊಂಪಾಗಿಯೇ ಕಾಣುತ್ತದೆ. ಅರಣ್ಯ ಇಲಾಖೆಯ ಅನುಮತಿ ಪಡೆದು ದೋಣಿಯಲ್ಲಿ ಸುತ್ತು ಹಾಕಿ, ಕೆಲವು ಗಡ್ಡೆಗಳಲ್ಲಾದರೂ ಮರವೋ ಪೊದೆಯೋ ಎಂದು ಕಣ್ಣಾರೆ ನೋಡಲೇಬೇಕು. ಅದೂ ಹಕ್ಕಿಗಳು ಗೂಡು ಮಾಡುವ ಬೇಸಿಗೆಯನ್ನು ಬಿಟ್ಟು.

ಸಂಪಾದಕರಲ್ಲಿ ಒಂದೇ ಕೋರಿಕೆ: ಇಂಥ ಚಿತ್ರ ಅಚ್ಚಾಗುವಾಗ ಅದರ ಕೆಳಗೆ ತೆಗೆದ ತಾರೀಖು, ಆ ದಿನದ ಜಲಾಶಯದ ಮಟ್ಟ ಎರಡನ್ನೂ ಹಾಕಿ. ಮಟ್ಟ ಹುಡುಕಲು ದೂರ ಹೋಗಬೇಕಿಲ್ಲ, ಪತ್ರಿಕೆಯ ಹಳೆಯ ಸಂಚಿಕೆಗಳಲ್ಲೇ ಇರುತ್ತದೆ.

– ಓದುಗರು, ತರೀಕೆರೆ