ಹೊಸಬರ ಟ್ರ್ಯಾಕ್ ಡೇಯಲ್ಲಿ ಇನ್ನು ಲ್ಯಾಪ್ ಸಮಯದ ಫಲಕ ಇರುವುದಿಲ್ಲ: ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಬರುವ ಜನವರಿ 1ರಿಂದ ನಾವು ನಡೆಸುವ ಹೊಸಬರ ಟ್ರ್ಯಾಕ್ ಡೇಗಳಲ್ಲಿ, ಅಂದರೆ ತಮ್ಮ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಕಲಿಯುವ ದಿನಗಳಲ್ಲಿ, ಯಾರು ಟ್ರ್ಯಾಕಿನ ಒಂದು ಸುತ್ತನ್ನು (ಲ್ಯಾಪ್) ಎಷ್ಟು ಸಮಯದಲ್ಲಿ ಮುಗಿಸಿದರೆಂದು ತೋರಿಸುವ ಫಲಕವನ್ನು ಹಾಕುವುದಿಲ್ಲ. ಟ್ರ್ಯಾಕಿನಲ್ಲಿ ಓಡಿಸುವ ಸರದಿಗಳು ದಿನಕ್ಕೆ ಆರು ಇದ್ದದ್ದು ನಾಲ್ಕಕ್ಕೆ ಇಳಿಯುತ್ತವೆ. ಪ್ರತಿಯೊಂದು ಕಾರಿಗೂ ವೇಗ ಮತ್ತು ಸ್ಥಳವನ್ನು ದಾಖಲಿಸುವ ನಮ್ಮದೇ ಡೇಟಾ ಲಾಗರ್ ಅಳವಡಿಸಿ, ಎರಡು ಸರದಿಗಳ ನಡುವಿನ ಬಿಡುವಿನಲ್ಲಿ ಬೋಧಕರು ಓಡಿಸಿದವರ ಪಕ್ಕದಲ್ಲಿ ಕುಳಿತು ಅದರ ಗ್ರಾಫ್ ಓದಿಸುತ್ತಾರೆ. ಸಮಯ ತೋರಿಸುವ ಫೋನನ್ನು ಕಾರಿನ ಮುಂಗಾಜಿಗೆ ಅಂಟಿಸಿಕೊಂಡು ಓಡಿಸಲು ಇನ್ನು ಅವಕಾಶವಿಲ್ಲ. ದಿನದ ಶುಲ್ಕ 1,500 ರೂಪಾಯಿಯಷ್ಟು ಹೆಚ್ಚುತ್ತದೆ.

ಓಟ ಕಡಿಮೆ, ಹಣ ಹೆಚ್ಚು ಎಂದು ತಮಗೆ ಅನ್ನಿಸಿದರೆ ಅದು ಸಹಜ. ಬೆಂಗಳೂರಿನಲ್ಲಿ ಕಾಯಂ ರೇಸ್ ಟ್ರ್ಯಾಕ್ ಇಲ್ಲದ ಕಾರಣ ತಾವು ನಸುಕಿಗೂ ಮುನ್ನವೇ ಹೊರಟು, ಇಲ್ಲವೇ ಹಿಂದಿನ ರಾತ್ರಿಯೇ ತಲುಪಿ, ಶ್ರೀಪೆರಂಬುದೂರಿನ ಬಳಿಯ ಇರುಂಗಾಟ್ಟುಕೋಟೆಗೋ ಕೊಯಮತ್ತೂರಿನ ಚೆಟ್ಟಿಪಾಳಯಕ್ಕೋ ಬರುತ್ತೀರಿ. ಅಷ್ಟು ದೂರ ಬಂದವರಿಗೆ ಒಂದೊಂದು ಲ್ಯಾಪ್ ಕೂಡ ಅಮೂಲ್ಯವಾದದ್ದು ಎಂಬುದು ನಮಗೆ ಗೊತ್ತು. ಆದುದರಿಂದ ಈ ತೀರ್ಮಾನಕ್ಕೆ ಬಂದ ಬಗೆಯನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಮ್ಮ ಕರ್ತವ್ಯ.

ಕಳೆದ ವರ್ಷದ ಒಂದು ಟ್ರ್ಯಾಕ್ ಡೇಯಲ್ಲಿ, ಬೆಳಗಿನ ಮೂರು ಸರದಿಗಳನ್ನು ಬಹಳ ಅಚ್ಚುಕಟ್ಟಾಗಿ ಓಡಿಸಿದ್ದ ಹೊಸಬರೊಬ್ಬರು ಊಟದ ನಂತರ ಫಲಕದಲ್ಲಿ ತಮ್ಮ ಹೆಸರು ಗೆಳೆಯರ ಹೆಸರಿಗಿಂತ ಅರ್ಧ ಸೆಕೆಂಡಿನಷ್ಟು ಕೆಳಗಿರುವುದನ್ನು ನೋಡಿ ಟ್ರ್ಯಾಕಿಗೆ ಇಳಿದರು. ನಾಲ್ಕನೆಯ ಲ್ಯಾಪಿನಲ್ಲಿ, ಟ್ರ್ಯಾಕಿನ ನೇರ ಭಾಗದ ಕೊನೆಯಲ್ಲಿ, ಫೋನಿನ ಪರದೆಯ ಮೇಲಿನ ಸಮಯದತ್ತ ಕಣ್ಣು ಹಾಯಿಸಿದ ಆ ಕ್ಷಣದಲ್ಲಿ ಬ್ರೇಕ್ ಹಾಕಬೇಕಾದ ಜಾಗ ದಾಟಿಹೋಯಿತು. ಕಾರು ಟ್ರ್ಯಾಕ್ ಬಿಟ್ಟು ಹೊರಗಿನ ಹುಲ್ಲಿಗೆ ಜಾರಿ, ಒಂದು ಸುತ್ತು ತಿರುಗಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ, ಮುಂದಿನ ಬಂಪರ್ ಮಾತ್ರ ಒಡೆಯಿತು. ಅವರು ಕ್ಷಮೆ ಕೇಳಿದರು. ಆದರೆ ಆ ಫಲಕವನ್ನು ಅಲ್ಲಿ ನಿಲ್ಲಿಸಿದವರು ನಾವು. ಇದು ಸ್ಪರ್ಧೆಯಲ್ಲ ಎಂದು ಬೆಳಿಗ್ಗೆ ಎಲ್ಲರಿಗೂ ಹೇಳಿ, ಮಧ್ಯಾಹ್ನ ಎಲ್ಲರ ಹೆಸರನ್ನೂ ಸಮಯದ ಕ್ರಮದಲ್ಲಿ ಬರೆದು ನಿಲ್ಲಿಸಿದ್ದು ನಮ್ಮದೇ ತಪ್ಪು ಎಂಬುದನ್ನು ಅಂದು ಸಂಜೆ ನಾವು ನಾಲ್ವರೂ ಒಪ್ಪಿಕೊಂಡೆವು.

ಅಪಾಯದ ಮಾತನ್ನು ಬದಿಗಿಟ್ಟರೂ, ಕಲಿಯುವವರಿಗೆ ಲ್ಯಾಪ್ ಸಮಯದಿಂದ ಸಿಗುವುದು ಬಹಳ ಕಡಿಮೆ. ಎರಡು ಸೆಕೆಂಡು ತಡವಾಯಿತು ಎಂದು ಅದು ಹೇಳಬಲ್ಲದೇ ಹೊರತು ಎಲ್ಲಿ ತಡವಾಯಿತು, ಏಕೆ ತಡವಾಯಿತು ಎಂದು ಹೇಳಲಾರದು. ಉತ್ತರ ಸಿಗದ ಹೊಸಬರು ಸಾಮಾನ್ಯವಾಗಿ ತಮಗೆ ಹೊಳೆದ ಒಂದೇ ಉಪಾಯವನ್ನು ಹಿಡಿಯುತ್ತಾರೆ: ಇನ್ನೂ ತಡವಾಗಿ ಬ್ರೇಕ್ ಹಾಕುವುದು. ಅದರಿಂದ ಕಾರು ತಿರುವಿನ ಒಳಗೂ ಬ್ರೇಕ್ ಹಿಡಿದುಕೊಂಡೇ ನುಗ್ಗುತ್ತದೆ. ಟೈರಿನ ಹಿಡಿತವೆಂಬುದು ಒಂದು ಬೊಗಸೆ ನೀರಿನಂತೆ; ಬ್ರೇಕಿಗೆ ಸುರಿದಷ್ಟು ತಿರುಗಲು ಉಳಿಯುವುದಿಲ್ಲ. ಹಾಗಾಗಿ ಕಾರು ತಿರುವಿನ ಹೊರ ಅಂಚಿಗೆ ಹೋಗುತ್ತದೆ, ಓಡಿಸುವವರು ಆಕ್ಸಿಲರೇಟರ್ ಒತ್ತಲು ಕಾಯಬೇಕಾಗುತ್ತದೆ, ಮುಂದಿನ ನೇರದ ಉದ್ದಕ್ಕೂ ಆ ಕೊರತೆ ಹಿಂಬಾಲಿಸುತ್ತದೆ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. 500 ಮೀಟರಿನ ಒಂದು ನೇರವನ್ನು ಗಂಟೆಗೆ ಸರಾಸರಿ 130 ಕಿಲೋಮೀಟರ್ ವೇಗದಲ್ಲಿ ಕ್ರಮಿಸಲು ಸುಮಾರು 13.85 ಸೆಕೆಂಡು ಬೇಕು. ತಿರುವಿನಿಂದ ಚೆನ್ನಾಗಿ ಹೊರಬಂದು ಆ ಸರಾಸರಿ 133ಕ್ಕೆ ಏರಿದರೆ 13.53 ಸೆಕೆಂಡು ಸಾಕು. ಒಂದೇ ನೇರದಲ್ಲಿ, ಯಾವ ಸಾಹಸವೂ ಇಲ್ಲದೆ, 0.3 ಸೆಕೆಂಡು ಉಳಿಯಿತು. ಬ್ರೇಕನ್ನು ಹತ್ತು ಮೀಟರ್ ತಡವಾಗಿ ಒತ್ತುವುದರಿಂದ ಹೊಸಬರಿಗೆ ಇಷ್ಟು ಲಾಭ ಆಗುವುದು ಅಪರೂಪ. ನಷ್ಟವಾಗುವ ಸಂಭವವೇ ಹೆಚ್ಚು. ಇದನ್ನು ನಾವು ಬಾಯಲ್ಲಿ ಎಷ್ಟು ಸಲ ಹೇಳಿದರೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅವರದೇ ಎರಡು ಲ್ಯಾಪುಗಳ ವೇಗದ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಾಗ, ಜೋರಾಗಿ ನುಗ್ಗಿದ ಲ್ಯಾಪಿನ ಗೆರೆ ಮುಂದಿನ ನೇರದುದ್ದಕ್ಕೂ ಕೆಳಗೇ ಉಳಿದಿರುವುದನ್ನು ಅವರೇ ಬೆರಳಿಟ್ಟು ತೋರಿಸುತ್ತಿದ್ದರು. ಕಳೆದ ಕೆಲವು ತಿಂಗಳು ಸಣ್ಣ ಗುಂಪುಗಳಲ್ಲಿ ಈ ಪ್ರಯೋಗ ನಡೆಸಿದ ಮೇಲೆಯೇ ಬದಲಾವಣೆಯನ್ನು ಎಲ್ಲರಿಗೂ ಅನ್ವಯಿಸಲು ನಿರ್ಧರಿಸಿದೆವು.

ಗ್ರಾಫ್ ಓದುವುದು ಕಷ್ಟವೇನಲ್ಲ. ಅಡ್ಡಗೆರೆಯಲ್ಲಿ ದೂರ, ಲಂಬಗೆರೆಯಲ್ಲಿ ವೇಗ. ಅಡ್ಡಗೆರೆಯಲ್ಲಿ ಸಮಯದ ಬದಲು ದೂರ ಇರಲೇಬೇಕು, ಏಕೆಂದರೆ ಆಗ ಮಾತ್ರ ಎರಡು ಲ್ಯಾಪುಗಳ ಒಂದೇ ತಿರುವು ಒಂದೇ ಜಾಗದಲ್ಲಿ ಕೂರುತ್ತದೆ. ಅನುಭವಿಗಳ ಗೆರೆ ನೇರದ ಕೊನೆಯಲ್ಲಿ ಚೂಪಾದ ಶಿಖರದಂತಿದ್ದು, ಬ್ರೇಕ್ ಬಿದ್ದೊಡನೆ ಕಡಿದಾಗಿ ಇಳಿಯುತ್ತದೆ. ಹೊಸಬರ ಗೆರೆ ಗುಡ್ಡದ ನೆತ್ತಿಯಂತೆ ದುಂಡಗಿರುತ್ತದೆ: ಆಕ್ಸಿಲರೇಟರಿನಿಂದ ಕಾಲು ಮೊದಲೇ ಎದ್ದಿದೆ, ಬ್ರೇಕಿನ ಮೇಲೆ ಇನ್ನೂ ಬಿದ್ದಿಲ್ಲ, ಕಾರು ಸುಮ್ಮನೆ ಉರುಳುತ್ತಿದೆ. ಎಷ್ಟೋ ಜನರಿಗೆ ತಾವು ಹಾಗೆ ಮಾಡುತ್ತಿದ್ದೇವೆ ಎಂಬುದೇ ಗೊತ್ತಿರುವುದಿಲ್ಲ. ತಿರುವಿನ ಮಧ್ಯದ ಅತಿ ಕಡಿಮೆ ವೇಗ ಲ್ಯಾಪಿನಿಂದ ಲ್ಯಾಪಿಗೆ ಎಷ್ಟು ಬದಲಾಗುತ್ತಿದೆ ಎಂಬುದು ನಾವು ಮುಖ್ಯವಾಗಿ ಗಮನಿಸುವ ಇನ್ನೊಂದು ಸಂಗತಿ. ಅದು ಹತ್ತು ಲ್ಯಾಪುಗಳಲ್ಲಿ ಗಂಟೆಗೆ ಒಂದೆರಡು ಕಿಲೋಮೀಟರಿನ ಅಂತರದೊಳಗೆ ನಿಂತರೆ, ವೇಗ ಎಷ್ಟೇ ಇರಲಿ, ಕೈ ಪಳಗುತ್ತಿದೆ ಎಂದೇ ಅರ್ಥ. ನಮ್ಮ ದೃಷ್ಟಿಯಲ್ಲಿ ಮೊದಲ ದಿನದ ನಿಜವಾದ ಸಾಧನೆ ಅದೇ.

ಸ್ವಂತ ಉಪಕರಣ ಕೊಳ್ಳಬೇಕೆ ಎಂದು ಅನೇಕರು ವಿಚಾರಿಸುತ್ತಿದ್ದೀರಿ. ಮೊದಲ ದಿನಕ್ಕೆ ಬೇಡ. ಫೋನಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಮ್ಮೆ ಮಾತ್ರ ಸ್ಥಳವನ್ನು ದಾಖಲಿಸುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಆ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗಿರುತ್ತದೆ. ಬ್ರೇಕ್ ಬಿದ್ದ ಜಾಗವೇ ಆ ಸಂದಿಯಲ್ಲಿ ಕಳೆದುಹೋಗುತ್ತದೆ. ನಾವು ಅಳವಡಿಸುವ ಲಾಗರ್ ಸೆಕೆಂಡಿಗೆ 25 ಬಾರಿ ದಾಖಲಿಸುತ್ತದೆ, ಅಂದರೆ ಅದೇ ವೇಗದಲ್ಲಿ ಸುಮಾರು 1.1 ಮೀಟರಿಗೊಂದು ಬಿಂದು. ಮುಂದೆ ತಾವು ಈ ಹವ್ಯಾಸದಲ್ಲಿ ಉಳಿಯುವಿರಿ ಎಂದು ಖಚಿತವಾದರೆ, ಸೆಕೆಂಡಿಗೆ 10ರಿಂದ 25 ಬಾರಿ ದಾಖಲಿಸಿ ಬ್ಲೂಟೂತ್ ಮೂಲಕ ಫೋನಿಗೆ ಕಳುಹಿಸುವ ಸಣ್ಣ ಜಿಪಿಎಸ್ ಪೆಟ್ಟಿಗೆಯೊಂದನ್ನು ಕೊಂಡು, ರೇಸ್‌ಕ್ರೋನೋದಂಥ ಆ್ಯಪ್ ಜೊತೆ ಬಳಸಿದರೆ ಹವ್ಯಾಸಿಗೆ ಸಾಕು. ಎಂಜಿನ್ ದೋಷ ಪರೀಕ್ಷಿಸಲು ಕಾರಿನಲ್ಲಿರುವ ಓಬಿಡಿ ಕಿಂಡಿಗೆ ಅಗ್ಗದ ಅಡಾಪ್ಟರ್ ಸಿಕ್ಕಿಸಿ ಆಕ್ಸಿಲರೇಟರ್ ಮತ್ತು ಎಂಜಿನ್ ಮಾಹಿತಿ ಪಡೆಯುವವರೂ ಇದ್ದಾರೆ. ಆ ಮಾಹಿತಿ ನಿಧಾನವಾಗಿ ಬರುತ್ತದೆ. ಎಂಜಿನ್ ಬಿಸಿ ನೋಡಲು ಅನುಕೂಲ, ಬ್ರೇಕ್ ಹಾಕಿದ ಕ್ಷಣವನ್ನು ಹಿಡಿಯಲು ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಇಂಥ ಜಿಪಿಎಸ್ ಉಪಕರಣಗಳು ವೇಗವನ್ನು ಡಾಪ್ಲರ್ ಪರಿಣಾಮದ (ಚಲನೆಯಿಂದ ಉಪಗ್ರಹ ಸಂಕೇತದ ಆವರ್ತನದಲ್ಲಿ ಆಗುವ ಬದಲಾವಣೆ) ನೆರವಿನಿಂದ ಅಳೆಯುವುದರಿಂದ ವೇಗದ ಗೆರೆಯನ್ನು ಬಹುಮಟ್ಟಿಗೆ ನಂಬಬಹುದು. ಸ್ಥಳದ ವಿಷಯದಲ್ಲಿ ಒಂದೆರಡು ಮೀಟರ್ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಹೀಗಾಗಿ ನಕ್ಷೆಯ ಮೇಲೆ ಎರಡು ಲ್ಯಾಪುಗಳ ದಾರಿ ಒಂದು ಮೀಟರ್ ಬೇರೆಯಾಗಿ ಕಂಡರೆ ಅದರಿಂದ ತೀರ್ಮಾನ ತೆಗೆಯಬೇಡಿ. ದಾರಿಯನ್ನು ತಿಳಿಯಲು ಬೋಧಕರ ಕಣ್ಣು ಮತ್ತು ಕಾರಿನೊಳಗಿನ ಕ್ಯಾಮೆರಾ ಹೆಚ್ಚು ವಿಶ್ವಾಸಾರ್ಹ. ಹಾಗೆಯೇ, ಬೇರೆ ಬೇರೆ ಲ್ಯಾಪುಗಳ ಅತ್ಯುತ್ತಮ ತುಣುಕುಗಳನ್ನು ಕೂಡಿಸಿ ಆ್ಯಪ್ ತೋರಿಸುವ ಆದರ್ಶ ಲ್ಯಾಪ್ ಸಮಯವನ್ನು ಗುರಿಯಾಗಿ ಇಟ್ಟುಕೊಳ್ಳಬೇಡಿ. ಒಂದು ತುಣುಕಿನಲ್ಲಿ ಗಳಿಸಿದ್ದು ಮುಂದಿನ ತುಣುಕನ್ನು ಕೆಡಿಸಿಯೇ ಬಂದಿರಬಹುದು.

ನಾಲ್ಕು ಸರದಿಗಳೂ ತಲಾ 20 ನಿಮಿಷದವು. ಮೊದಲನೆಯದರಲ್ಲಿ ಬೋಧಕರು ಪಕ್ಕದ ಸೀಟಿನಲ್ಲಿದ್ದು ದಾರಿ, ಬಾವುಟಗಳು, ಹಿಂದಿನವರಿಗೆ ಕೈಸನ್ನೆಯಿಂದ ದಾರಿ ಬಿಡುವ ಕ್ರಮವನ್ನು ಕಲಿಸುತ್ತಾರೆ. ಅದರ ಡೇಟಾವನ್ನು ದಾಖಲಿಸಿದರೂ ತೋರಿಸುವುದಿಲ್ಲ. ಎರಡನೆಯ ಮತ್ತು ಮೂರನೆಯ ಸರದಿಗಳ ನಂತರ ತಲಾ ಅರ್ಧ ಗಂಟೆ ಗ್ರಾಫ್ ಮುಂದೆ ಕುಳಿತು, ಒಂದೇ ಒಂದು ತಿರುವನ್ನು ಆರಿಸಿಕೊಂಡು, ಮುಂದಿನ ಸರದಿಯಲ್ಲಿ ಅಲ್ಲಿ ಏನನ್ನು ಬದಲಿಸಬೇಕೆಂದು ನಿರ್ಧರಿಸುತ್ತೇವೆ. ಒಂದಕ್ಕಿಂತ ಹೆಚ್ಚು ತಿರುವುಗಳನ್ನು ಒಟ್ಟಿಗೆ ತಿದ್ದಲು ಹೋದವರು ಯಾವುದನ್ನೂ ತಿದ್ದಿಕೊಳ್ಳದೆ ಬಂದದ್ದನ್ನು ನೋಡಿದ್ದೇವೆ. ಚೆಟ್ಟಿಪಾಳಯದ ಕರಿ ಮೋಟರ್ ಸ್ಪೀಡ್‌ವೇ 2.1 ಕಿಲೋಮೀಟರಿನ ಸಣ್ಣ ಟ್ರ್ಯಾಕ್. ತಿರುವುಗಳು ಬೇಗ ಬೇಗ ಮರಳಿ ಬರುವುದರಿಂದ ಈ ಬಗೆಯ ಅಭ್ಯಾಸಕ್ಕೆ ಅದು ಹೆಚ್ಚು ಒಪ್ಪುತ್ತದೆ. ಹೊಸಬರಿಗೂ ಕೈಗೆಟಕುವ ಫಾರ್ಮುಲಾ ಮಾರುತಿ ರೇಸ್ ಕಾರುಗಳನ್ನು ರೂಪಿಸಿದ ಕರಿವರ್ಧನ್ ಅವರ ಹೆಸರನ್ನು ಹೊತ್ತ ಟ್ರ್ಯಾಕ್ ಅದು ಎಂಬುದೂ ನಮಗೆ ಪ್ರಿಯವಾದ ಸಂಗತಿ. ಆದ್ದರಿಂದ ಹೊಸಬರ ದಿನಗಳನ್ನು ಇನ್ನು ಅಲ್ಲಿಯೇ ನಡೆಸುತ್ತೇವೆ. 3.717 ಕಿಲೋಮೀಟರ್ ಉದ್ದದ, ಹೆಚ್ಚು ವೇಗದ, ಇರುಂಗಾಟ್ಟುಕೋಟೆಯ ಮದ್ರಾಸ್ ಟ್ರ್ಯಾಕಿಗೆ ನಮ್ಮೊಂದಿಗೆ ಎರಡು ದಿನ ಪೂರೈಸಿದವರನ್ನು ಕರೆದೊಯ್ಯುತ್ತೇವೆ. ಆ ಗುಂಪಿನವರು ಬಯಸಿದರೆ ಅವರವರ ಲ್ಯಾಪ್ ಸಮಯವನ್ನು ಅವರವರಿಗಷ್ಟೇ ಕೊಡುತ್ತೇವೆ.

ಕಾರಿನ ತಯಾರಿಯ ನಿಯಮಗಳು ಮೊದಲಿನಂತೆಯೇ ಇವೆ, ಒಂದನ್ನು ಬಿಟ್ಟು. ಬ್ರೇಕ್ ಆಯಿಲ್ ಬದಲಿಸಿ ಒಂದು ವರ್ಷಕ್ಕಿಂತ ಹೆಚ್ಚಾಗಿದ್ದರೆ, ಬರುವ ಮುನ್ನ ಡಾಟ್ 4 ದರ್ಜೆಯ ಹೊಸ ಆಯಿಲ್ ಹಾಕಿಸಿಕೊಂಡು ಗ್ಯಾರೇಜಿನ ಬಿಲ್ ತರಬೇಕು. ಈ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬ ಮಾನದಂಡವಿದ್ದರೆ, ತೇವ ಹಿಡಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಗಂಟೆಗೆ 100ರ ಬದಲು 140 ಕಿಲೋಮೀಟರ್ ವೇಗದಿಂದ ಕಾರನ್ನು ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ. ದ್ರವ ಕುದಿದರೆ ಬ್ರೇಕ್ ಪೆಡಲ್ ಮೆತ್ತಗಾಗುತ್ತದೆ; ಹಾಗೆ ಎನಿಸಿದ ತಕ್ಷಣ ನಿಧಾನವಾಗಿ ಕಾರು ನಿಲ್ಲಿಸುವ ಜಾಗವಾದ ಪಿಟ್‌ಗೆ ಮರಳಿ. ಬ್ರೇಕ್ ಬಿಸಿಯಾಗಿರುವುದರಿಂದ, ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ವಿಮೆಯ ಬಗ್ಗೆಯೂ ಮತ್ತೆ ನೆನಪಿಸಬೇಕಾಗಿದೆ: ನಮ್ಮ ದೇಶದ ಸಾಮಾನ್ಯ ವಾಹನ ವಿಮೆಗಳು ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಡುತ್ತವೆ. ಟ್ರ್ಯಾಕಿನಲ್ಲಿ ಕಾರಿಗೆ ಆಗುವ ಹಾನಿಯ ಖರ್ಚು ತಮ್ಮದೇ ಎಂದು ತಿಳಿದೇ ಬರಬೇಕೆಂದು ಕೋರುತ್ತೇವೆ.

ದಿನದ ಕೊನೆಯಲ್ಲಿ ಡೇಟಾ ಫೈಲನ್ನು ತಮಗೆ ಇಮೇಲ್ ಮಾಡುತ್ತೇವೆ. ಅದು ತಮ್ಮ ಸ್ವತ್ತು. ನಮ್ಮ ಪ್ರತಿಯನ್ನು 30 ದಿನಗಳ ನಂತರ ಅಳಿಸುತ್ತೇವೆ, ತಮ್ಮ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸುವುದಿಲ್ಲ. ಸ್ವಂತ ಲಾಗರ್ ಕೊಂಡ ಕೆಲವರು ಹೆದ್ದಾರಿಯಲ್ಲಿ ಅದನ್ನು ಬಳಸಿದ ಗ್ರಾಫುಗಳನ್ನು ನಮಗೆ ಕಳುಹಿಸಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದುರಿನಿಂದ ಬರುವವರಿಲ್ಲದ, ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್‌ಗಳೂ ಆಂಬುಲೆನ್ಸೂ ಕಾದು ನಿಂತಿರುವ ಜಾಗಕ್ಕೆಂದು ಮಾಡಿದ ಉಪಕರಣ ಅದು. ಹೆದ್ದಾರಿಯ ಗ್ರಾಫುಗಳನ್ನು ನಾವು ಓದುವುದಿಲ್ಲ. ಮತ್ತೆ ಕಳುಹಿಸಿದವರನ್ನು ಮುಂದಿನ ದಿನಗಳಿಗೆ ಸೇರಿಸಿಕೊಳ್ಳುವುದೂ ಇಲ್ಲ.

ಹೆಚ್ಚಿಸಿರುವ 1,500 ರೂಪಾಯಿಯು ಲಾಗರ್‌ಗಳ ಖರೀದಿಗೆ ಮತ್ತು ದಿನಕ್ಕೆ ಹೆಚ್ಚುವರಿಯಾಗಿ ಬರುವ ಇಬ್ಬರು ಬೋಧಕರ ಸಂಭಾವನೆಗೆ ಸಲ್ಲುತ್ತದೆ. ಡಿಸೆಂಬರ್ 31ರೊಳಗೆ ಹಣ ಕಟ್ಟಿದವರಿಗೆ, ಅವರ ದಿನ ಜನವರಿಯ ನಂತರ ಇದ್ದರೂ, ಹಳೆಯ ಶುಲ್ಕವೇ ಅನ್ವಯಿಸುತ್ತದೆ. ಆರು ಸರದಿಗಳ ನಿರೀಕ್ಷೆಯಲ್ಲಿ ಹಣ ಕಟ್ಟಿ ಈ ಬದಲಾವಣೆಯನ್ನು ಒಪ್ಪದವರು ಜನವರಿ 15ರೊಳಗೆ ತಿಳಿಸಿದರೆ ಪೂರ್ತಿ ಹಣವನ್ನು ಹಿಂತಿರುಗಿಸುತ್ತೇವೆ. ಮದ್ರಾಸ್ ಟ್ರ್ಯಾಕಿಗೆ ಈಗಾಗಲೇ ಹೆಸರು ನೋಂದಾಯಿಸಿರುವ ಹೊಸಬರಿಗೆ ಚೆಟ್ಟಿಪಾಳಯದ ಬೇರೆ ದಿನಾಂಕವನ್ನು ಸೂಚಿಸಲು ನಾವೇ ಈ ವಾರ ಕರೆ ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಂಸ್ಥೆಯ ನಾಲ್ವರು ಪಾಲುದಾರರು
ಬೆಂಗಳೂರು